ಅಬು ಗಾಲಿಬ್ ಹೇಳಿದ ದಾರಿ

ಅಬು ಗಾಲಿಬನಿಗೆ ಗಾಲಿಬ್ ಎಂಬ ಮಗನಿಲ್ಲ. ಗಂಡು ಹುಟ್ಟಿದರೆ ಅಪ್ಪನ ಹೆಸರಿಡುತ್ತೇನೆ ಎಂದು ಮದುವೆಗೂ ಮೊದಲೇ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ. ಹುಟ್ಟಿದವಳು ಬಯಾನ್ ಒಬ್ಬಳೇ. ಅಷ್ಟರಲ್ಲಿ ನಮಗೆಲ್ಲ ಅವನನ್ನು ಗಾಲಿಬನ ಅಪ್ಪ ಎಂದು ಕರೆದು ರೂಢಿಯಾಗಿಬಿಟ್ಟಿತ್ತು, ಅದೇ ಉಳಿಯಿತು. ನಾನು, ಅಬು ಹಮ್ದಾನ್, ಅವನ ಪಕ್ಕದ ಮನೆಯವನು, ನಮ್ಮಿಬ್ಬರಿಗೂ ನಡುವೆ ಒಂದೇ ಗೋಡೆ. ಹೆದ್ದಾರಿಯ ಬದಿಯಲ್ಲಿ ನನ್ನದೊಂದು ಟೈರ್ ಅಂಗಡಿ ಇದೆ. ಮೂವತ್ತೊಂದು ವರ್ಷ ಅವನು ಅಕಬಾ ಬಂದರಿನಿಂದ ಸರಕು ಹೇರಿಕೊಂಡು ಬರುವಾಗಲೆಲ್ಲ ಮಆನಿನಲ್ಲಿ ನನ್ನ ಅಂಗಡಿ ಮುಂದೆ ಲಾರಿ ನಿಲ್ಲಿಸುತ್ತಿದ್ದ. ಟೈರಿಗೆ ಗಾಳಿ ಬೇಕಿರಲಿ ಬಿಡಲಿ, ಒಂದು ಲೋಟ ಚಹಾ ಕುಡಿಯದೆ ಮುಂದೆ ಹೋದವನಲ್ಲ.

ಸಕ್ಕರೆ ಕಾಯಿಲೆ ಅವನ ಎಡಗಾಲನ್ನು ಮೊಣಕಾಲಿನಿಂದ ಕೆಳಗೆ ತೆಗೆದುಕೊಂಡು ಹೋಯಿತು. ಲಾರಿ ಮಾರಿದ. ಆಮೇಲಿನ ಒಂದು ವರ್ಷ ಅವನ ಬಾಯಲ್ಲಿ ಮಾತು ಕೇಳಿದ್ದೇ ಕಡಿಮೆ. ಬಯಾನ್ ಪೇಟೆಯ ಔಷಧದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಅವಳು ಹೊರಟಾಗ ಅಪ್ಪ ಯಾವ ಕಿಟಕಿಯ ಮುಂದೆ ಕೂತಿರುತ್ತಿದ್ದನೋ ಸಂಜೆ ಬಂದಾಗಲೂ ಅಲ್ಲೇ ಇರುತ್ತಿದ್ದ. ಕೊನೆಗೆ ಅವಳು ಅಮ್ಮಾನಿನಿಂದ ಯಾರೋ ಬಳಸಿ ಬಿಟ್ಟಿದ್ದ ಆಟದ ಸ್ಟೀರಿಂಗ್ ಒಂದನ್ನು ತಂದು ಕಂಪ್ಯೂಟರಿಗೆ ಜೋಡಿಸಿಕೊಟ್ಟಳು. ಲಾರಿ ಓಡಿಸುವ ಆಟ. ಕ್ಲಚ್ ಬೇಡ, ಒಂದು ಕಾಲು ಸಾಕು.

ಮೊದಲ ದಿನ ನಾನೂ ಹೋಗಿ ನೋಡಿದೆ. ಪರದೆಯ ಮೇಲೆ ಯಾವುದೋ ಯೂರೋಪಿನ ಹಸಿರು ರಸ್ತೆ.

"ಒಂದು ಕತ್ತೇನಾದ್ರೂ ಅಡ್ಡ ಬರುತ್ತೇನೋ ನೋಡ್ತಾ ಇದೀನಿ, ಬರಲ್ಲ," ಎಂದ. "ಇದೂ ಒಂದು ರಸ್ತೇನಾ?"

"ಕತ್ತೆ ಒಳಗೆ ಕೂತು ಓಡಿಸ್ತಾ ಇದೆಯಲ್ಲ, ಇನ್ನೇನು ಅಡ್ಡ ಬರೋದು," ಎಂದೆ.

ಒಂದು ವರ್ಷದ ಮೇಲೆ ಅವತ್ತು ಅವನು ನಕ್ಕ.

ಆ ಆಟವನ್ನು ಜನ ನೋಡುವಂತೆ ಲೈವ್ ಬಿಟ್ಟವಳು ಬಯಾನ್. ಸೋಮವಾರ, ಗುರುವಾರ, ಮಧ್ಯಾಹ್ನದ ನಮಾಜಾದ ಮೇಲೆ. ಕ್ಯಾಮೆರಾದ ಸಣ್ಣ ಕೆಂಪು ದೀಪ ಹತ್ತಿದರೆ ಸಾಕು, ಮಂಜು ಕವಿದ ಘಾಟಿಯಲ್ಲಿ ನಲವತ್ತು ಟನ್ ಹೇರಿಕೊಂಡು ಇಳಿದ ಮನುಷ್ಯ ಅದಕ್ಕೆ ಬೆನ್ನು ತಿರುಗಿಸಲು ನೋಡುತ್ತಿದ್ದ. "ಅದು ನನ್ನ ನೋಡ್ತಾ ಇದೆ ಕಣೋ, ಅದರ ಹಿಂದೆ ಯಾರಿದಾರೆ ಅಂತ ನನಗೆ ಕಾಣಲ್ಲ," ಎನ್ನುತ್ತಿದ್ದ. ಹಿಂದೆ ಹೆಚ್ಚು ಜನ ಇರಲೂ ಇಲ್ಲ. ಒಂಬತ್ತು, ಹೆಚ್ಚೆಂದರೆ ಹನ್ನೆರಡು, ಎಲ್ಲರೂ ಲಾರಿಯವರೇ. ಬರುತ್ತಿದ್ದರು, ಹಾರ್ನ್ ಹೊಡಿ ಹಾಜಿ ಎಂದು ಬರೆಯುತ್ತಿದ್ದರು, ಹೋಗುತ್ತಿದ್ದರು. ಎರಡು ತಿಂಗಳಾದರೂ ಲೆಕ್ಕ ಅಲ್ಲಿಂದ ಅಲ್ಲಾಡಲಿಲ್ಲ.

ಬಯಾನ್ ಯೋಚನೆ ಮಾಡಿದಳು. "ಅಪ್ಪಾ, ಇವರು ನಿನ್ನ ಲಾರಿ ನೋಡೋಕೆ ಬರೋದಲ್ಲ. ಲಾರಿ ಅವರ ಹತ್ರಾನೇ ಇದೆ. ಮಾತಾಡೋಕೆ ಬರ್ತಾರೆ. ನೀನು ಆಟ ನಿಲ್ಲಿಸಿದ ಮೇಲೆ ಅವರೆಲ್ಲ ಎಲ್ಲಿ ಹೋಗ್ಬೇಕು ಹೇಳು?"

"ಮನೆಗೆ ಹೋಗ್ಲಿ."

"ಅವರು ಮನೆ ಬಿಟ್ಟು ಹತ್ತು ದಿನ ಆಗಿರುತ್ತೆ."

ಹಾಗೆ ಅವಳು ಮೊಬೈಲಿನಲ್ಲಿ ಒಂದು ಚಾಟ್ ಕೂಟ ತೆರೆದಳು. ಅಬು ಗಾಲಿಬನ ಚಾವಡಿ ಎಂದೇ ಹೆಸರು. ಅದರಲ್ಲಿ ಕೋಣೆಗಳು: ಒಂದು ಹರಟೆಗೆ, ಒಂದು ಲಾರಿಯ ರೋಗಗಳಿಗೆ, ಒಂದು ಗಡಿಯಲ್ಲಿ ಎಷ್ಟು ಸಾಲಿದೆ ಎಂದು ತಿಳಿಸಲಿಕ್ಕೆ, ಒಂದು ರಸ್ತೆಯ ಸುದ್ದಿಗೆ, ಒಂದು ಕ್ಯಾಬಿನ್ನಿನ ಸಣ್ಣ ಒಲೆಯಲ್ಲಿ ಮಾಡಿಕೊಳ್ಳುವ ಅಡುಗೆಗೆ. ಅಬು ಗಾಲಿಬ್ ಕೇಳಿದ ಮೊದಲ ಪ್ರಶ್ನೆ, "ಕಾಫಿ ಯಾರು ಕೊಡ್ತಾರೆ?" ಎರಡನೆಯದು, "ಬಂದವನು ಯಾರು ಅಂತ ಗೊತ್ತಿಲ್ದೆ ಚಾವಡೀಲಿ ಕೂರಿಸೋದು ಹೇಗೆ?" ಅದಕ್ಕೇ ಬಂದವರೆಲ್ಲ ಸಲಾಂ ಹೇಳಿ ಹೆಸರು, ಊರು, ಗಾಡಿ ಯಾವುದು ಎಂದು ತಿಳಿಸಬೇಕೆಂದಾಯಿತು. ಅವನು ಒಂದೇ ಬೆರಳಿನಲ್ಲಿ ಕುಟ್ಟಿ ಪ್ರತಿಯೊಬ್ಬರಿಗೂ ಉತ್ತರ ಬರೆಯುತ್ತಿದ್ದ. ಮರೆಯಬಾರದೆಂದು ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದ. ಲೈವ್ ಬಂದಾಗ ಚಕ್ರ ತಿರುಗಿಸುತ್ತಲೇ ವಿಚಾರಿಸುವನು: "ಸಖರ್, ನಿನ್ನ ಟರ್ಬೋ ಸರಿಹೋಯ್ತಾ? ಏ ಕರಕ್ ಊರಿನವನೇ, ಮಗಳ ಪರೀಕ್ಷೆ ಏನಾಯ್ತೋ?"

ಜನ ತಿರುಗಿ ಬಂದದ್ದು ಅದಕ್ಕೆ. ಅರವತ್ತಾದರು, ನಾನೂರಾದರು, ಬೇಸಿಗೆ ಮುಗಿಯುವ ಹೊತ್ತಿಗೆ ಸಾವಿರ ದಾಟಿದರು. ಚಾವಡಿ ಹಗಲೆಲ್ಲ ತುಂಬಿರುತ್ತಿತ್ತು. ಅಲ್ಲಿ ಕೂತವರೇ ಸೋಮವಾರ, ಗುರುವಾರ ಅವನ ಮುಂದೆ ಬಂದು ಕೂರುತ್ತಿದ್ದರು, ಬರುವಾಗ ಇನ್ನೊಬ್ಬನನ್ನು ಕರೆತರುತ್ತಿದ್ದರು.

ರಸ್ತೆ ಸುದ್ದಿಯ ಕೋಣೆಯನ್ನು ಕಾಯುತ್ತಿದ್ದವಳು ಉಮ್ಮು ಕುತೈಬಾ. ಝರ್ಕಾದವಳು, ಶಾಲೆಯಲ್ಲಿ ಮೂರನೇ ತರಗತಿಯ ಟೀಚರು. ಅವಳ ಗಂಡ ಫವ್ವಾಜ್ ಅಕಬಾದಿಂದ ಸಕ್ಕರೆ, ಅಕ್ಕಿ ಹೊರುವ ಲಾರಿಯವನು. ಅವಳ ಕಟ್ಟಳೆ ಒಂದೇ: ರಸ್ತೆ ತೆರೆದಿದೆ ಎಂದು ಒಬ್ಬ ಹೇಳಿದರೆ ಸಾಲದು, ಇಬ್ಬರು ಹೇಳಬೇಕು. ಎರಡನೆಯವನು ಬರುವ ತನಕ ಆ ಸುದ್ದಿಯ ಪಕ್ಕ ಅವಳು ಪ್ರಶ್ನೆ ಚಿಹ್ನೆ ಹಾಕಿಟ್ಟಿರುತ್ತಿದ್ದಳು. ಗಂಡಸರು ಹಾಸ್ಯ ಮಾಡುತ್ತಿದ್ದರು. "ಟೀಚರ್, ನಾನು ಗಂಡಸು ಅನ್ನೋಕೂ ಇಬ್ಬರು ಸಾಕ್ಷಿ ಬೇಕಾ?" ಅವಳು ಬರೆದಳು: "ನಿನ್ನ ವಿಷಯದಲ್ಲಿ ನಾಲ್ವರು."

ಅಕ್ಟೋಬರಿನಲ್ಲಿ ಒಬ್ಬ ಹೆಂಗಸು ಚಾವಡಿಯಲ್ಲಿ ಬರೆದಿದ್ದಳು: ನನ್ನ ಗಂಡ ಬೇರೆ ಯಾರು ಹೇಳಿದರೂ ನಂಬುವುದಿಲ್ಲ, ಅಬು ಗಾಲಿಬ್ ಹೋಗು ಅಂದರೆ ಕಣ್ಣು ಮುಚ್ಚಿಕೊಂಡು ಹೋಗುತ್ತಾನೆ. ಅದನ್ನವನು ನನಗೆ ಓದಿ ಹೇಳಿದ. ಹೇಳುವಾಗ ಮುಖದಲ್ಲಿ ಸಂತೋಷವಿತ್ತು. ಓದಿ ಮುಗಿಸಿ ಮೊಬೈಲ್ ಕವುಚಿಟ್ಟ. "ನಂಗೆ ಯಾಕೋ ಹೆದರಿಕೆ ಆಗುತ್ತೆ," ಎಂದ. "ನಾನು ರಸ್ತೆಗಿಳಿದು ಎರಡು ವರ್ಷ ಆಗ್ತಾ ಬಂತು. ಇವರಿಗೆ ಅದು ನೆನಪಿದೆಯೋ ಇಲ್ವೋ."

"ನಿಂಗೆ ನೆನಪಿದ್ರೆ ಸಾಕು," ಎಂದೆ ನಾನು.

ನವೆಂಬರಿನ ಒಂದು ಸೋಮವಾರ. ಮಆನಿನಲ್ಲಿ ಬಿಸಿಲು. ಉತ್ತರದ ಬೆಟ್ಟಗಳ ಮೇಲೆ ಮಾತ್ರ ಬೆಳಗಿನಿಂದ ಕಪ್ಪು ಮೋಡ. ಹನ್ನೆರಡು ಗಂಟೆಗೆ ರಾಸ್ ನಕಬ್ ಘಾಟಿಯ ತಿರುವಿನಲ್ಲಿ ಎಣ್ಣೆ ಟ್ಯಾಂಕರೊಂದು ಮಗುಚಿ ಹೆದ್ದಾರಿ ಎರಡೂ ಕಡೆ ಮುಚ್ಚಿಹೋಯಿತು. ಘಾಟಿಯ ಕೆಳಗೆ ಲಾರಿಗಳು ಸಾಲುಗಟ್ಟಿದವು. ನಿಂತ ಲಾರಿಯಲ್ಲಿ ಡ್ರೈವರ್ ಏನು ಮಾಡುತ್ತಾನೆ? ಮೊಬೈಲ್ ತೆಗೆಯುತ್ತಾನೆ. ಅಬು ಗಾಲಿಬ್ ಲೈವ್ ಶುರುಮಾಡಿದಾಗ ಎರಡು ಸಾವಿರದ ನೂರು ಜನ ಕಾದಿದ್ದರು. ಅಷ್ಟು ಹಿಂದೆಂದೂ ಇರಲಿಲ್ಲ. ನಾನು ಅಂಗಡಿ ಮುಚ್ಚಿ ಊಟಕ್ಕೆ ಬಂದವನು ಆ ಕೋಣೆಯಲ್ಲೇ ಇದ್ದೆ. ಬಯಾನಿಗೆ ಅವತ್ತು ಮಧ್ಯಾಹ್ನ ರಜೆ, ಅವಳು ಚಾಟ್ ನೋಡಿಕೊಳ್ಳುತ್ತಿದ್ದಳು.

ಹನ್ನೆರಡೂ ಮುಕ್ಕಾಲಿಗೆ ರಸ್ತೆ ಕೋಣೆಯಲ್ಲಿ ಸಖರನ ಸಂದೇಶ ಬಂತು. ತಲ್ಹಾ ಕಣಿವೆಯ ಹಳೇ ರೈಲು ಹಳಿಯ ಪಕ್ಕದ ಮಣ್ಣು ದಾರಿ ಚೆನ್ನಾಗಿದೆ, ಈಗಷ್ಟೇ ದಾಟಿದೆ ಎಂದು. ಉಮ್ಮು ಕುತೈಬಾ ತರಗತಿಯಲ್ಲಿದ್ದಳು. ಪ್ರಶ್ನೆ ಚಿಹ್ನೆ ಹಾಕುವವರಿರಲಿಲ್ಲ.

ಚಾಟಿನಲ್ಲಿ ಒಂದೇ ಸಮನೆ ಕೇಳತೊಡಗಿದರು. ಹಾಜಿ, ಆ ದಾರಿ ಹಿಡಿಯೋದಾ? ಹಾಜಿ, ಲಾರಿ ಹಿಡಿಸುತ್ತಾ? ನೀವು ಹೇಳಿ ಹಾಜಿ.

ಅಬು ಗಾಲಿಬ್ ಬೆನ್ನು ನೆಟ್ಟಗೆ ಮಾಡಿ ಕೂತ. "ಆ ದಾರಿ ನನಗೆ ನನ್ನ ಅಂಗೈ ಇದ್ದ ಹಾಗೆ," ಎಂದ. "ನೀರಿನ ಗೋಪುರದ ಹತ್ರ ಬಲಕ್ಕೆ ತಿರುಗಿ. ಕಣಿವೇನ ಮೂರು ಸಲ ದಾಟ್ಬೇಕು, ಮೂರೂ ಗಟ್ಟಿ ನೆಲ. ಮುಕ್ಕಾಲು ಗಂಟೇಲಿ ಮೇಲೆ ಬಂದಿರ್ತೀರಿ."

ಬಯಾನ್ ಅವನ ಭುಜ ಮುಟ್ಟಿದಳು. ಮೈಕಿಗೆ ಕೇಳದ ಹಾಗೆ, "ಅಪ್ಪಾ, ಒಬ್ಬನೇ ಹೇಳಿರೋದು," ಎಂದಳು.

"ಸಖರ್ ಸುಳ್ಳು ಹೇಳೋನಲ್ಲ," ಎಂದು ಅವನೂ ಮೆಲ್ಲಗೆ ಹೇಳಿದ. ಆಮೇಲೆ ಜೋರಾಗಿ, "ಹೋಗಿ ಮಕ್ಕಳೇ, ದೇವರ ಹೆಸರು ಹೇಳಿ."

ನಾಲ್ಕು ಲಾರಿಗಳು ಸಾಲು ಬಿಟ್ಟು ತಿರುಗಿದವು. ಹೊರಟೆವು ಎಂದು ನಾಲ್ವರೂ ಬರೆದರು. ಮೂರನೆಯವನು ಫವ್ವಾಜ್. ಸಕ್ಕರೆ ಹೇರಿದ್ದೇನೆ ಹಾಜಿ, ನಿಮಗೆ ಮೇಲೆ ಬಂದು ಚಹಾ ಮಾಡಿಕೊಡುತ್ತೇನೆ ಎಂದು ಬರೆದಿದ್ದ.

ಒಂದೂ ಇಪ್ಪತ್ತಕ್ಕೆ ಸಖರನಿಂದಲೇ ಫೋನು. ಅವನ ಧ್ವನಿ ಕೇಳಿ ಬಯಾನ್ ಎದ್ದು ನಿಂತಳು. "ಯಾರಾದ್ರೂ ಆ ದಾರೀಲಿ ಹೋದ್ರಾ? ಬಯಾನ್, ಆ ಮೆಸೇಜು ನಾನು ಬೆಳಿಗ್ಗೆ ಎಂಟೂವರೆಗೆ ಬರೆದದ್ದು. ಕಣಿವೇಲಿ ಸಿಗ್ನಲ್ ಇರ್ಲಿಲ್ಲ. ಆಮೇಲೆ ಮೊಬೈಲು ಆಫ್ ಆಗಿತ್ತು. ಈಗ ಚಾರ್ಜಿಗೆ ಹಾಕ್ದೆ, ತಾನಾಗೇ ಹೋಗ್ಬಿಟ್ಟಿದೆ. ಶೌಬಕ್ ಕಡೆ ಬೆಟ್ಟದ ಮೇಲೆ ಹುಚ್ಚು ಮಳೆ ಸುರೀತಾ ಇದೆ."

ಅವಳು ಫೋನ್ ಹಿಡಿದುಕೊಂಡೇ ಅಪ್ಪನಿಗೆ ಹೇಳಿದಳು. ನಾನು ಅವನ ಮುಖ ನೋಡುತ್ತಿದ್ದೆ. ಸ್ಟೀರಿಂಗ್ ಮೇಲಿದ್ದ ಕೈ ಹಾಗೇ ಇತ್ತು, ಪರದೆಯ ಮೇಲಿನ ಲಾರಿ ಹೋಗಿ ಕಂಬಕ್ಕೆ ಗುದ್ದಿ ನಿಂತಿತು. ಅವನಿಗೆ ಅದು ಕಾಣಲಿಲ್ಲ.

"ಹಿಂದಕ್ಕೆ ಬನ್ನಿ," ಎಂದ ಮೈಕಿನಲ್ಲಿ. ಇನ್ನೊಮ್ಮೆ, ಜೋರಾಗಿ. "ತಲ್ಹಾ ದಾರಿ ಹಿಡಿದೋರು ಎಲ್ಲಿದೀರೋ ಅಲ್ಲಿಂದ ಎತ್ತರಕ್ಕೆ ಹೋಗಿ. ನೀರು ಬರುತ್ತೆ. ಕೇಳಿಸ್ತಾ? ನೀರು ಬರುತ್ತೆ."

ಕಣಿವೆಯೊಳಗೆ ಸಿಗ್ನಲ್ ಇಲ್ಲವೆಂದು ಅವನಿಗೆ ಆಗಷ್ಟೇ ಗೊತ್ತಾಗಿತ್ತು. ಆದರೂ ಹೇಳುತ್ತಲೇ ಇದ್ದ.

ಆ ನೀರನ್ನು ನಮ್ಮ ಕಡೆಯವರೆಲ್ಲ ಬಲ್ಲರು. ಮಳೆ ಎಲ್ಲೋ ಬೀಳುತ್ತದೆ, ನೀನು ನಿಂತ ಕಡೆ ಬಿಸಿಲಿರುತ್ತದೆ. ಮೊದಲು ತಣ್ಣನೆ ಗಾಳಿ ಬರುತ್ತದೆ, ಆಮೇಲೆ ದೂರದಲ್ಲಿ ರೈಲು ಬಂದ ಹಾಗೆ ಸದ್ದು. ಸದ್ದು ಕೇಳಿದ ಮೇಲೆ ಓಡಿ ಗೆದ್ದವರು ಕಡಿಮೆ.

ಒಂದೂ ಮುಕ್ಕಾಲಿಗೆ ಮುಂದಿನ ಇಬ್ಬರು ಮೇಲಿನ ದಿಣ್ಣೆ ಹತ್ತಿ ಸಂದೇಶ ಕಳಿಸಿದರು. ಮೂರೂ ದಾಟಿದ್ದೇವೆ, ಹಿಂದೆ ಸದ್ದು ಕೇಳಿಸಿತು, ಫವ್ವಾಜ್ ಕಾಣುತ್ತಿಲ್ಲ. ಹತ್ತು ನಿಮಿಷಕ್ಕೆ ನಾಲ್ಕನೆಯವನ ಫೋನು. ಅವನು ಮೊದಲನೇ ದಾಟಿನಲ್ಲೇ ಬ್ರೇಕ್ ಹಾಕಿ ಹಿಂದಕ್ಕೆ ಬಂದಿದ್ದ, ಸಿಗ್ನಲ್ ಸಿಗುವ ತನಕ ಓಡಿದ್ದ. "ಅವನು ನನ್ನ ಮುಂದೆ ತಿರುವು ದಾಟಿ ಹೋದ. ಆಮೇಲೆ ಬಂತು ನೋಡಿ. ಕಂದು ಗೋಡೆ. ಕಲ್ಲು, ಮರ, ಎಲ್ಲ ಅದರೊಳಗೆ." ಅವನು ಅಳುತ್ತಿದ್ದ.

ಅಷ್ಟು ಹೊತ್ತಿಗೆ ಶಾಲೆ ಬಿಟ್ಟಿತ್ತು. ರಸ್ತೆ ಕೋಣೆಯಲ್ಲಿ ಉಮ್ಮು ಕುತೈಬಾ ಬರೆದಳು: "ಫವ್ವಾಜ್ ಫೋನ್ ತೆಗೀತಾ ಇಲ್ಲ. ಅವರು ಎಲ್ಲಿದಾರೆ ಅಂತ ಯಾರಿಗಾದ್ರೂ ಗೊತ್ತಾ?"

ಅಷ್ಟು ದೊಡ್ಡ ಕೂಟದಲ್ಲಿ ಒಂದು ಅಕ್ಷರ ಬೀಳಲಿಲ್ಲ. ಅವಳು ಮೇಲಕ್ಕೆ ಓದಿಕೊಂಡು ಹೋಗುತ್ತಿದ್ದಾಳೆಂದು ನಮಗೆ ಗೊತ್ತಿತ್ತು. ಐದು ನಿಮಿಷದ ಮೇಲೆ ಒಂದೇ ಸಾಲು ಬಂತು. "ಒಬ್ಬನೇ ಹೇಳಿದ್ದಾ?"

ಅಬು ಗಾಲಿಬ್ ಅದನ್ನು ಓದಿದ.

ಬಯಾನ್ ಆಗಲೇ ರಕ್ಷಣಾ ದಳಕ್ಕೆ ಫೋನ್ ಹಚ್ಚಿದ್ದಳು. ಆ ಕಡೆಯ ಅಧಿಕಾರಿ ಒಳ್ಳೆಯ ಮನುಷ್ಯ, ಅವಸರದಲ್ಲಿದ್ದ. "ಆ ಭಾಗಕ್ಕೆ ಸಿಗೋದು ಒಂದೇ ಗಾಡಿ ಅಮ್ಮಾ, ಉಳಿದದ್ದೆಲ್ಲ ಘಾಟಿಯಲ್ಲಿದೆ. ಎರಡನೇ ದಾಟಿನ ಹತ್ರ ಇದ್ರೆ ಕೆಳಗಿಂದ ಬರ್ಬೇಕು, ಮೂರನೇದರ ಹತ್ರ ಇದ್ರೆ ಮೇಲಿಂದ. ತಪ್ಪಾದ್ರೆ ಸುತ್ತಿ ಬರೋಕೆ ಎರಡು ಗಂಟೆ ಬೇಕು, ಅಷ್ಟರಲ್ಲಿ ಕತ್ತಲಾಗುತ್ತೆ. ಯಾವುದು ಅಂತ ಹೇಳಿ."

ಅವಳು ಅಪ್ಪನ ಕಡೆ ತಿರುಗಿದಳು. ಆ ದಾರಿಯನ್ನು ಬಲ್ಲವನು ಆ ಕೋಣೆಯಲ್ಲಿ ಅವನೊಬ್ಬನೇ.

ಪರದೆಯ ಮೂಲೆಯಲ್ಲಿ ನೋಡುವವರ ಲೆಕ್ಕ ಏರುತ್ತಿತ್ತು. ನಾಲ್ಕು ಸಾವಿರ. ಆರು ಸಾವಿರ. ಎಲ್ಲಿಂದಲೋ ಸುದ್ದಿ ಹಬ್ಬಿ, ಲಾರಿಯ ಗಂಧವೇ ಗೊತ್ತಿಲ್ಲದವರೆಲ್ಲ ಬಂದು ಸೇರುತ್ತಿದ್ದರು. ಸತ್ತನಾ? ಸಿಕ್ಕಿದನಾ? ಕ್ಯಾಮೆರಾ ಆ ಮುದುಕನ ಮುಖದ ಹತ್ತಿರ ತನ್ನಿ. ಈ ಲೆಕ್ಕಕ್ಕಾಗಿ ಅಪ್ಪ ಮಗಳು ಎಂಟು ತಿಂಗಳು ದುಡಿದಿದ್ದರು. ಬಯಾನ್ ತಲೆಯ ಮೇಲಿನ ಬಟ್ಟೆಯ ಅಂಚಿನಿಂದ ಪರದೆಯ ಆ ಮೂಲೆಯನ್ನು ಮುಚ್ಚಿ ಹಿಡಿದಳು.

"ಆಫ್ ಮಾಡ್ಲಾ ಅಪ್ಪಾ?"

"ಬೇಡ. ಇದರೊಳಗೆ ಆ ದಾರಿ ಗೊತ್ತಿರೋನು ಒಬ್ಬನಾದ್ರೂ ಇರ್ಬಹುದು."

ಅವನು ಕಣ್ಣು ಮುಚ್ಚಿದ. ಕೈ ಆಟದ ಸ್ಟೀರಿಂಗ್ ಮೇಲೆ, ಇದ್ದೊಂದು ಪಾದ ಪೆಡಲಿನ ಮೇಲೆ. ತುಟಿ ಅಲ್ಲಾಡುತ್ತಿತ್ತು. "ಗೋಪುರ. ಬಲಕ್ಕೆ. ಎರಡನೇ ಗೇರು. ಹಳಿ ಎಡಗಡೆ. ಮೊದಲ ದಾಟು, ಸಣ್ಣ ಕಲ್ಲು, ನಿಲ್ಲೋದು ಬೇಡ. ತಿರುವು. ಜಾಲಿ ಮರ, ಎರಡು. ಇಳಿಜಾರು..." ಅವನ ಕೈ ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿತು, ಪಾದ ಪೆಡಲನ್ನು ಬಿಟ್ಟಿತು. "ಇಲ್ಲಿ ನಿಧಾನ ಮಾಡ್ತೀವಿ. ಮರಳಿದೆ. ಖಾಲಿ ಗಾಡಿ ಹಾರಿಹೋಗುತ್ತೆ. ಸಕ್ಕರೆ ಹೇರಿದ್ರೆ ಹಿಂದಿನ ಚಕ್ರ ಕೂತ್ಕೊಳುತ್ತೆ. ಅವನು ಇಲ್ಲೇ ನಿಂತಿದಾನೆ." ಕಣ್ಣು ತೆರೆದ. "ಎರಡನೇ ದಾಟು. ಕೆಳಗಿಂದ ಬರ್ಬೇಕು."

"ಖಂಡಿತಾನಾ?" ಎಂದಳು ಬಯಾನ್.

ಆ ಪ್ರಶ್ನೆಗೆ ಅವನ ಮುಖ ಬಿಳಿಚಿಕೊಂಡಿತು. ಒಂದೂವರೆ ಗಂಟೆಯ ಹಿಂದೆ ಗಟ್ಟಿ ನೆಲ ಎಂದು ಹೇಳಿದ್ದು ಇದೇ ನೆಲಕ್ಕೆ. ನನ್ನ ಕಡೆ ನೋಡಿದ. ನನಗೆ ಟೈರ್ ಗೊತ್ತು, ಆ ದಾರಿ ಗೊತ್ತಿಲ್ಲ.

ಅವನು ಮೈಕಿಗೆ ಬಾಗಿದ. "ಕೇಳಿ. ನಾನು ಮೊದಲು ಹೇಳಿದ್ದು ತಪ್ಪು. ನನ್ನ ಮಾತು ನಂಬಿ ಒಬ್ಬ ನೀರಲ್ಲಿದಾನೆ. ಈಗ ಇನ್ನೊಂದು ಮಾತು ಹೇಳ್ತಾ ಇದೀನಿ, ಇದನ್ನ ನಂಬಬೇಡಿ. ತಲ್ಹಾದ ಎರಡನೇ ದಾಟಲ್ಲಿ ಮರಳು ಇದೆ, ಭಾರದ ಗಾಡಿ ಹೂತುಹೋಗುತ್ತೆ ಅಂತ ನನ್ನ ನೆನಪು. ಆ ದಾರೀಲಿ ಹೇರಿಕೊಂಡು ಹೋದೋರು ಬೇರೆ ಯಾರಾದ್ರೂ ಇದ್ರೆ ಹೇಳಿ. ಹೋಗಿ ನೋಡದೇ ಇರೋರು ಬಾಯಿ ಬಿಡಬೇಡಿ."

ಚಾಟಿನಲ್ಲಿ ಅಕ್ಷರಗಳು ಹೊಳೆಯಂತೆ ಹರಿಯುತ್ತಿದ್ದವು. ಪ್ರಾರ್ಥನೆ, ಬೈಗುಳ, ಕುತೂಹಲ. ಬಯಾನ್ ಬೆರಳಿಟ್ಟು ಹುಡುಕಿದಳು. ಫೋನಿನಲ್ಲಿ ಅಧಿಕಾರಿ, "ಅಮ್ಮಾ, ಬೇಗ," ಎನ್ನುತ್ತಿದ್ದ. ಮೂರು ನಿಮಿಷ ಆಗಿರಬಹುದು. ಕರಕಿನ ಇನ್ನೊಬ್ಬ, ಮೂಳೆ ನೋವೆಂದು ಲಾರಿ ಬಿಟ್ಟ ಮುದುಕ, ತನ್ನ ಸೊಸೆಯ ಕೈಲಿ ಬರೆಸಿದ್ದ: ಎರಡನೆಯದೇ. ನಾನು ಸಿಮೆಂಟು ಹೇರಿಕೊಂಡು ಎರಡು ದಿನ ಅಲ್ಲಿ ಹೂತಿದ್ದೆ. ಎಡಕ್ಕೆ ಹಳೇ ರೈಲು ಸೇತುವೆಯ ಕಲ್ಲಿನ ಕಂಬ ಇದೆ, ನೀರು ಅದಕ್ಕೆ ಬಡಿದು ಸೀಳುತ್ತೆ.

"ಕೆಳಗಿಂದ ಬನ್ನಿ," ಎಂದು ಬಯಾನ್ ಫೋನಿಗೆ ಹೇಳಿದಳು.

ಆಮೇಲಿನದು ಕಾಯುವುದು. ಒಂದೂವರೆ ಗಂಟೆ. ಅಬು ಗಾಲಿಬ್ ಆಟ ಆಡಲಿಲ್ಲ, ಲೈವ್ ಆರಿಸಲೂ ಇಲ್ಲ. ಹನ್ನೊಂದು ಸಾವಿರ ಜನ ಸುಮ್ಮನೆ ಕೂತ ಮುದುಕನನ್ನು ನೋಡುತ್ತಿದ್ದರು. ಬಯಾನ್ ತಂದಿಟ್ಟ ಚಹಾ ಆರಿತು. ಅವನ ಸಕ್ಕರೆ ಇಳಿದಿರಬಹುದೆಂದು ಅವಳು ಖರ್ಜೂರ ಬಾಯಿಗೆ ಹಿಡಿದರೆ ತಲೆ ತಿರುಗಿಸಿದ. ಒಮ್ಮೆ ಮಾತ್ರ ನನ್ನ ಕಿವಿಯ ಹತ್ತಿರ, "ಮೂರನೇದಾಗಿದ್ರೆ?" ಎಂದ. ನಾನು ಅವನ ಕೈ ಹಿಡಿದುಕೊಂಡೆ. ಉಮ್ಮು ಕುತೈಬಾ ಕೂಟದಲ್ಲಿ ಏನನ್ನೂ ಬರೆಯಲಿಲ್ಲ. ಅವಳ ಹೆಸರಿನ ಮುಂದಿನ ಹಸಿರು ಚುಕ್ಕೆ ಮಾತ್ರ ಅಷ್ಟು ಹೊತ್ತೂ ಉರಿಯುತ್ತಿತ್ತು.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಅಧಿಕಾರಿಯ ಫೋನು ಬಂತು. ಸಿಕ್ಕಿದ್ದಾನೆ. ಎರಡನೇ ದಾಟು. ಲಾರಿ ಮಗುಚಿ ಕಲ್ಲಿನ ಕಂಬಕ್ಕೆ ಸಿಕ್ಕಿಕೊಂಡಿತ್ತು, ಅವನು ಮೇಲೆದ್ದಿದ್ದ ಚಕ್ರವನ್ನು ತಬ್ಬಿಕೊಂಡು ಕೂತಿದ್ದ. ಭುಜದ ಮೂಳೆ ಮುರಿದಿದೆ, ಮೈ ನೀಲಿಗಟ್ಟಿದೆ, ಉಸಿರಿದೆ.

ಬಯಾನ್ ಅದನ್ನು ಮೊದಲು ಝರ್ಕಾಕ್ಕೆ ಫೋನ್ ಮಾಡಿ ಹೇಳಿದಳು. ಆಮೇಲೆ ಕೂಟಕ್ಕೆ. ಆಮೇಲೆ ಅಪ್ಪನನ್ನು ಕೇಳದೆಯೇ ಲೈವ್ ಆರಿಸಿದಳು. ಅಬು ಗಾಲಿಬ್ ಊರುಗೋಲು ಹುಡುಕಿ ಎದ್ದ, ಎರಡು ಹೆಜ್ಜೆ ಇಟ್ಟು ಬಾಗಿಲ ಹತ್ತಿರ ವಾಂತಿ ಮಾಡಿಕೊಂಡ.

ಫವ್ವಾಜ್ ಆಸ್ಪತ್ರೆಯಲ್ಲಿ ಎಂಟು ದಿನ ಇದ್ದ. ಸಕ್ಕರೆಯೆಲ್ಲ ಕರಗಿ ಕಣಿವೆ ಸೇರಿತು. ಲಾರಿ ಗುಜರಿಯಾಯಿತು.

ಅವನು ಮನೆಗೆ ಬಂದ ಮೇಲೆ ನಾವು ಝರ್ಕಾಕ್ಕೆ ಹೋದೆವು, ತಪ್ಪಾದವರು ಹೋಗಬೇಕಾದ ರೀತಿಯಲ್ಲಿ, ಹಿರಿಯರನ್ನು ಮುಂದಿಟ್ಟುಕೊಂಡು. ಚಾವಡಿಯ ಹದಿನಾಲ್ಕು ಜನ ಬಂದರು. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಬೀದಿಯಲ್ಲಿ ನಿಂತು ಧ್ವನಿ ಕೇಳಿ ಗುರುತು ಹಿಡಿದರು. "ಓಹೋ, ನೀನಾ ಕರಕಿನವನು? ಇನ್ನೂ ದಪ್ಪ ಇರ್ತೀಯ ಅಂದ್ಕೊಂಡಿದ್ದೆ." ಸಖರ್ ಮಾತ್ರ ಯಾರೊಡನೆಯೂ ಮಾತಾಡದೆ ಗೋಡೆಗೆ ಒರಗಿ ನಿಂತಿದ್ದ.

ಒಳಗೆ ಫವ್ವಾಜನ ಅಪ್ಪ ನಮ್ಮನ್ನು ಕೂರಿಸಿ ಕಾಫಿ ಕೊಡಿಸಿದ. ಅಬು ಗಾಲಿಬ್ ಬಟ್ಟಲನ್ನು ತೆಗೆದುಕೊಂಡು ಮುಂದೆ ನೆಲದ ಮೇಲಿಟ್ಟ, ಕುಡಿಯಲಿಲ್ಲ. ಬೇಡಿ ಬಂದವರು ಕೇಳಿದ್ದು ಸಿಗುವ ತನಕ ಕುಡಿಯುವುದಿಲ್ಲ, ನಾವು ಯಾರೂ ಕುಡಿಯಲಿಲ್ಲ.

"ಕಾಫಿ ಆರಿಹೋಗುತ್ತೆ," ಎಂದ ಮನೆಯ ಹಿರಿಯ.

"ನನ್ನ ಬೇಡಿಕೆ ಇದೆ," ಎಂದ ಅಬು ಗಾಲಿಬ್. "ನಿಮ್ಮ ಮಗನನ್ನ ನೀರಿಗೆ ಕಳಿಸಿದ್ದು ನನ್ನ ಬಾಯಿ. ಈ ಹುಡುಗ ಸಖರ್ ಅಲ್ಲ, ನಾನು. ಇಬ್ಬರು ಹೇಳೋತನಕ ಕಾಯ್ಬೇಕು ಅಂತ ಗೊತ್ತಿತ್ತು. ಅಷ್ಟು ಜನ ಕೇಳ್ತಾ ಇದ್ರು, ನನಗೆ ಗೊತ್ತಿಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ನೀವು ಏನು ವಿಧಿಸಿದ್ರೂ ಒಪ್ಪಿಗೆ."

ಕುತ್ತಿಗೆಗೆ ಪಟ್ಟಿ ಕಟ್ಟಿ ಕೈ ತೂಗುಬಿಟ್ಟುಕೊಂಡು ಮೂಲೆಯಲ್ಲಿ ಕೂತಿದ್ದ ಫವ್ವಾಜ್ ಅಪ್ಪನ ಕಡೆ ನೋಡಿ ತಲೆಯಾಡಿಸಿದ. "ಹಾಜಿ," ಎಂದ, "ಚಕ್ರ ತಿರುಗಿಸಿದ್ದು ನಾನು. ಮೇಲ್ಗಡೆ ಕಪ್ಪಾಗಿದ್ದು ನನ್ನ ಕಣ್ಣಿಗೂ ಕಾಣ್ತಿತ್ತು. ಕುಡೀರಿ."

"ಕುಡಿ," ಎಂದ ಅವನ ಅಪ್ಪನೂ.

ಅಬು ಗಾಲಿಬ್ ಬಟ್ಟಲಿಗೆ ಕೈ ಚಾಚಿದ. ಆಗ ಒಳಬಾಗಿಲಲ್ಲಿ ಉಮ್ಮು ಕುತೈಬಾ ಬಂದು ನಿಂತಳು. ತೆಳ್ಳಗಿನ, ಕನ್ನಡಕದ ಹೆಂಗಸು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಅವರು ಕ್ಷಮಿಸಿದಾರೆ, ಅದು ಅವರ ದೊಡ್ಡತನ," ಎಂದಳು. "ನಾನಿನ್ನೂ ಇಲ್ಲ. ದಾರಿ ತಪ್ಪು ಹೇಳಿದ್ದಕ್ಕಲ್ಲ ಹಾಜಿ, ತಪ್ಪು ಯಾರಿಂದ್ಲೂ ಆಗುತ್ತೆ. ನನ್ನ ಗಂಡ ಬದುಕಿದಾನೋ ಇಲ್ವೋ ಅಂತ ಅವತ್ತು ಹನ್ನೊಂದು ಸಾವಿರ ಜನ ನೋಡ್ತಾ ಕೂತಿದ್ರು. ಅವರ ನಡುವೆ ನಾನೂ ಕೂತು ನೋಡ್ದೆ. ಯಾರೋ ಒಬ್ಬ, ಹೆಣ ಸಿಕ್ಕಿದ್ರೆ ತೋರಿಸ್ತೀರಾ ಅಂತ ಬರೆದಿದ್ದ. ಕಣ್ಣು ಮುಚ್ಚಿದ್ರೆ ನಂಗೆ ಆ ಸಾಲು ಬರುತ್ತೆ."

ಅಬು ಗಾಲಿಬ್ ಬಟ್ಟಲನ್ನು ಮತ್ತೆ ಕೆಳಗಿಟ್ಟ.

"ಕುಡೀರಿ," ಎಂದಳು ಅವಳು. "ಮನೆಗೆ ಬಂದೋರು ಕುಡಿದೇ ಹೋಗ್ಬೇಕು." ಒಳಗೆ ಹೋದಳು. ಅವನು ಕುಡಿದ. ತಣ್ಣಗಾದ ಕಹಿ ಕಾಫಿ ಗಂಟಲಲ್ಲಿ ಇಳಿಯುವ ಸದ್ದು ಕೇಳಿಸಿತು. ಅವಳು ಚಾವಡಿಗೆ ಮತ್ತೆ ಬರಲಿಲ್ಲ.

ಅವನು ಎಲ್ಲವನ್ನೂ ಮುಚ್ಚಿಬಿಡಬೇಕೆಂದಿದ್ದ. ಬಯಾನ್ ಬಿಡಲಿಲ್ಲ. "ಲೈವ್ ನಿಂದು ಅಪ್ಪಾ, ಬೇಕಾದ್ರೆ ಮುಚ್ಚು. ಚಾವಡಿ ಈಗ ನಿಂದಲ್ಲ. ಅಲ್ಲಿರೋರು ಒಬ್ಬರಿಗೊಬ್ಬರು ಬೇಕಾಗಿದಾರೆ." ರಸ್ತೆಯ ಕೋಣೆಯನ್ನು ಡ್ರೈವರುಗಳ ಮನೆಯ ನಾಲ್ವರು ಹೆಂಗಸರು ಪಾಳಿಯ ಮೇಲೆ ಕಾಯತೊಡಗಿದರು. ಯಾವ ಸಂದೇಶದಲ್ಲೂ ಹೊರಟ ಗಂಟೆ, ನೋಡಿದ ಗಂಟೆ ಬರೆಯದಿದ್ದರೆ ಅಳಿಸಿಬಿಡುತ್ತಾರೆ. ಫವ್ವಾಜ್ ಬೇಸಿಗೆಯಲ್ಲಿ ಬೇರೆಯವರ ಲಾರಿ ಹಿಡಿದ.

ಅಬು ಗಾಲಿಬ್ ನಾಲ್ಕು ತಿಂಗಳ ಮೇಲೆ ಆಟದ ಮುಂದೆ ಕೂತ. ಸುದ್ದಿಗಾಗಿ ಬಂದಿದ್ದವರು ಎಂದೋ ಹೋಗಿದ್ದರು, ಹಳಬರಲ್ಲೂ ಕೆಲವರು ದೂರವಾಗಿದ್ದರು. ಈಗ ಮುನ್ನೂರು, ಮುನ್ನೂರ ಐವತ್ತು. ಅವನು ಅದನ್ನು ನೋಡುವುದಿಲ್ಲ. ಹೆಸರು ಹಿಡಿದು ವಿಚಾರಿಸುತ್ತಾನೆ, ಹಾಸ್ಯ ಮಾಡುತ್ತಾನೆ. ಆದರೆ ಯಾರಾದರೂ ರಸ್ತೆ ಎಂದರೆ ಸಾಕು, ಪಾದ ಪೆಡಲಿನಿಂದ ಏಳುವುದು ಪಕ್ಕದಲ್ಲಿ ಕೂತ ನನಗೆ ಕಾಣುತ್ತದೆ.

ಹೋದ ತಿಂಗಳು ಹೊಸಬನೊಬ್ಬ ಕೇಳಿದ. "ಹಾಜಿ, ನಾಳೆ ಮುದವ್ವರಾ ಗಡಿ ಕಡೆ ಬಿರುಗಾಳಿ ಅಂತಾರೆ. ಹೋಗ್ಲಾ, ಬೇಡ್ವಾ?"

ಪರದೆಯ ಲಾರಿ ನಿಧಾನವಾಗಿ ರಸ್ತೆಯ ಅಂಚಿಗೆ ಸರಿದು ನಿಂತಿತು. "ತಮ್ಮಾ," ಎಂದ ಅಬು ಗಾಲಿಬ್, "ನಾನು ಮಆನಿನ ಒಂದು ಕೋಣೇಲಿ ಕುರ್ಚಿ ಮೇಲೆ ಕೂತಿರೋನು. ನನಗೆ ಕಿಟಕಿ ಆಚೆ ಅಬು ಹಮ್ದಾನನ ಅಂಗಳದ ಟೈರು ಬಿಟ್ರೆ ಏನೂ ಕಾಣಲ್ಲ. ಗಸ್ತಿನವರನ್ನ ಕೇಳು. ಗಡಿಯಿಂದ ಬಂದೋರನ್ನ ಕೇಳು. ಹೋದ್ರೆ ತಲುಪಿದ ಮೇಲೆ ನನಗೊಂದು ಸಾಲು ಹಾಕು."

ಮಾರನೇ ದಿನ ಬೆಳಿಗ್ಗೆ ಎಂಟಕ್ಕೆ ಅವನು ಮೊಬೈಲನ್ನು ಮುಂದಿಟ್ಟುಕೊಂಡು ಕೂತ. ತಿಂಡಿ ಬೇಡವೆಂದ. ಹತ್ತಕ್ಕೆ ಬಯಾನ್ ಔಷಧದ ಅಂಗಡಿಯಿಂದ ನನಗೆ ಫೋನ್ ಮಾಡಿ, "ಚಿಕ್ಕಪ್ಪಾ, ಅಪ್ಪನ ಜೊತೆ ಸ್ವಲ್ಪ ಇರ್ತೀರಾ?" ಎಂದಳು. ನಾನು ಅಂಗಡಿಯ ಬಾಗಿಲೆಳೆದು ಹೋಗಿ ಕೂತೆ. ಕಿಟಕಿಯ ಹೊರಗೆ ಗಾಳಿ ಎದ್ದು ಧೂಳು ಹಾರುತ್ತಿತ್ತು, ಪ್ರತಿ ಸಲ ಗಾಜು ಅಲುಗಿದಾಗ ಅವನು ಅತ್ತ ನೋಡುತ್ತಿದ್ದ.

ಹನ್ನೆರಡೂ ಕಾಲಿಗೆ ಮೊಬೈಲ್ ಗುಂಯ್ ಎಂದಿತು. ತಲುಪಿದೆ ಹಾಜಿ, ಗಾಳಿ ಇದೆ, ಪರವಾಗಿಲ್ಲ.

ಅವನು ಅದನ್ನು ಎರಡು ಸಲ ಓದಿ ನನಗೂ ತೋರಿಸಿದ. ಆಮೇಲೆ ಊರುಗೋಲು ತೆಗೆದುಕೊಂಡು, "ಬಾ, ರಾತ್ರಿಯ ಮಸೂರಬೇಳೆ ಗಂಜಿ ಇದೆ, ಬಿಸಿ ಮಾಡೋಣ," ಎಂದು ಅಡುಗೆಮನೆಗೆ ಹೋದ.